ಬಾಲವಿಲ್ಲದ ಇಲಿ: ಲ್ಯಾಪ್‌ಟಾಪಿಗೆ ತಂತಿಯಿಲ್ಲದ ಮೌಸ್ ಕೊಳ್ಳುವ ಬಗೆ



ಇಲಿ ಎಂಬ ಹೆಸರು ಕೇಳಿದರೆ ನಮಗೆ ಕೋಪ ಬರುವುದು ಸಹಜ. ಗದ್ದೆಯ ಬದುವಿನಲ್ಲಿ ಬಿಲ ತೋಡುವುದೂ ಅದೇ, ಅಟ್ಟದ ಮೇಲಿನ ರಾಗಿ ಚೀಲ ಕೊರೆಯುವುದೂ ಅದೇ. ಆದರೆ ಈ ಪಾಠದಲ್ಲಿ ಹೇಳಹೊರಟ ಇಲಿ ಕಾಳು ತಿನ್ನುವುದಿಲ್ಲ. ಅದು ಅಂಗೈಯೊಳಗೆ ಅಡಗುವ ಒಂದು ಸಾಧನ. ಇಂಗ್ಲಿಷಿನಲ್ಲಿ ಇದನ್ನು ಮೌಸ್, ಅಂದರೆ ಇಲಿ ಎಂದೇ ಕರೆಯುತ್ತಾರೆ. ಮೊದಲು ಇದಕ್ಕೆ ಬಾಲದಂಥ ತಂತಿಯೊಂದು ಇತ್ತು. ಈಗ ತಂತಿಯಿಲ್ಲದ ಮೌಸ್‌ಗಳೂ ಧಾರಾಳವಾಗಿ ದೊರೆಯುತ್ತವೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಇಂದು ಕಾಲೇಜಿಗೆ ಹೋಗುವ ಮಗನೋ ಮಗಳೋ ಇರುವ ಅನೇಕ ಮನೆಗಳಿಗೆ ಲ್ಯಾಪ್‌ಟಾಪ್ ಬಂದಿದೆ. ಅದು ಮಕ್ಕಳ ಓದಿಗೆ ಮಾತ್ರವಲ್ಲ, ಮನೆಯ ವ್ಯವಸಾಯದ ಕೆಲಸಕ್ಕೂ ಒದಗಬೇಕು. ಅದಕ್ಕೆ ಮೌಸ್ ಬೇಕೇ, ಬೇಕಾದರೆ ಯಾವುದು, ಎಷ್ಟು ಹಣ ಕೊಡಬಹುದು ಎಂಬ ವಿಷಯಗಳನ್ನು ಇಲ್ಲಿ ಕ್ರಮವಾಗಿ ತಿಳಿದುಕೊಳ್ಳೋಣ.

ಇದು ನಮಗೆ ಏಕೆ ಬೇಕು?

ಲ್ಯಾಪ್‌ಟಾಪಿನ ಕೀಲಿಮಣೆಯ ಕೆಳಗೆ ನುಣುಪಾದ ಒಂದು ಚೌಕವಿರುತ್ತದೆ. ಇದೇ ಟಚ್‌ಪ್ಯಾಡ್. ಇದರ ಮೇಲೆ ಬೆರಳಾಡಿಸಿದರೆ ಪರದೆಯ ಮೇಲಿನ ಬಾಣದ ಗುರುತು ಚಲಿಸುತ್ತದೆ. ಪಟ್ಟಣದವರಿಗೆ ಇದು ಸಾಕಾಗಬಹುದು. ಆದರೆ ರೈತನ ಕೈಗೆ ಇದು ಸುಲಭವಾಗಿ ಮಣಿಯುವುದಿಲ್ಲ. ಇದಕ್ಕೆ ಕಾರಣವುಂಟು. ಟಚ್‌ಪ್ಯಾಡಿನ ಒಳಗೆ ಅತಿ ಸೂಕ್ಷ್ಮವಾದ ವಿದ್ಯುತ್ ಪ್ರಭಾವ ಹರಡಿಕೊಂಡಿರುತ್ತದೆ. ಬೆರಳು ತಗುಲಿದಾಗ ಆ ಪ್ರಭಾವದಲ್ಲಿ ಆಗುವ ಬದಲಾವಣೆಯನ್ನು ಯಂತ್ರವು ಅಳೆದು ಬಾಣವನ್ನು ನಡೆಸುತ್ತದೆ. ಗುದ್ದಲಿ, ನೇಗಿಲು ಹಿಡಿದು ದಡ್ಡುಗಟ್ಟಿದ ಒಣ ಬೆರಳಿನ ಸ್ಪರ್ಶ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಬೆರಳು ಒದ್ದೆಯಾಗಿದ್ದರೂ ಅದು ತಬ್ಬಿಬ್ಬಾಗುತ್ತದೆ. ಹೊಗೆಸೊಪ್ಪು ಮುರಿಯುವ ದಿನಗಳಲ್ಲಿ ಕೈಗೆ ಹತ್ತುವ ಅಂಟನ್ನು ನೀವೇ ಬಲ್ಲಿರಿ. ಅಂಥ ಕೈಯನ್ನು ಎಷ್ಟು ತೊಳೆದರೂ ಟಚ್‌ಪ್ಯಾಡಿನ ಮೇಲೆ ಅದು ಸರಾಗವಾಗಿ ಜಾರದು.

ಮೌಸ್ ಹಾಗಲ್ಲ. ಅದಕ್ಕೆ ಚರ್ಮದ ಗುಣ ಬೇಕಾಗಿಲ್ಲ. ಹಿಡಿದು ಸರಿಸಿದರೆ ಸರಿಯುತ್ತದೆ, ಗುಂಡಿ ಒತ್ತಿದರೆ ಟಿಕ್ಕೆನ್ನುತ್ತದೆ. ಆದುದರಿಂದ ಮೌಸ್ ಎಂಬುದು ರೈತನಿಗೆ ಶೋಕಿಯ ವಸ್ತುವಲ್ಲ. ದಡ್ಡುಗಟ್ಟಿದ ಕೈಗೆ ಯಂತ್ರವನ್ನು ಒಗ್ಗಿಸುವ ಹಿಡಿ ಅದು.

ಇನ್ನೊಂದು ಮುಖ್ಯ ಸಂಗತಿ. ಭೂಮಿ ಜಾಲತಾಣದಲ್ಲಿ ನಿಮ್ಮ ಪಹಣಿಯನ್ನು ನೋಡಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಹೀಗೆ ಒಂದಾದ ಮೇಲೊಂದು ಪಟ್ಟಿಯಿಂದ ಆರಿಸಬೇಕು. ಬೆಳೆ ವಿಮೆ, ಸಹಾಯಧನ ಮುಂತಾದ ಅರ್ಜಿಗಳಲ್ಲಿಯೂ ಇಂಥ ಪಟ್ಟಿಗಳೇ ಇರುತ್ತವೆ. ಬಾಣ ಒಂದು ಸಾಲು ಜಾರಿದರೆ ನಿಮ್ಮ ಹಿಸ್ಸಾ ಬಿಟ್ಟು ದಾಯಾದಿಯ ಹಿಸ್ಸಾ ಆಯ್ಕೆಯಾಗಬಹುದು. ನೋಡುವುದಷ್ಟೇ ಆದರೆ ಚಿಂತೆಯಿಲ್ಲ, ಮತ್ತೊಮ್ಮೆ ಆರಿಸಬಹುದು. ಆದರೆ ಅರ್ಜಿ ಸಲ್ಲಿಸಿಬಿಟ್ಟರೆ ಅದನ್ನು ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಕೂಲಿಯ ದಿನಗಳು ಕಳೆಯಬೇಕು.

ಇದಕ್ಕಿಂತ ದೊಡ್ಡ ಮಾತೊಂದಿದೆ. ತನ್ನ ಕೈ ನಡೆಯದಾಗ ಮನುಷ್ಯ ಬೇರೆಯವರ ಕೈಗೆ ಎಲ್ಲವನ್ನೂ ಒಪ್ಪಿಸುತ್ತಾನೆ. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಫೋನಿಗೆ ಬಂದ ಓಟಿಪಿ ಎಲ್ಲವೂ ಅಪರಿಚಿತರ ಕಣ್ಣಿಗೆ ಬೀಳುತ್ತವೆ. ಸ್ವಂತ ಮನೆಯಲ್ಲಿ, ಸ್ವಂತ ಮಗಳ ಪಕ್ಕದಲ್ಲಿ ಕುಳಿತು, ಸ್ವಂತ ಕೈಯಿಂದ ಕೆಲಸ ಮಾಡಿಕೊಳ್ಳುವವನಿಗೆ ಈ ಭಯವಿಲ್ಲ. ಸ್ವಸಹಾಯವೇ ಅಭಿವೃದ್ಧಿಯ ಮೂಲವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಇದರ ಹುಟ್ಟು ಮತ್ತು ಕೆಲಸ

ಮೊದಲ ಮೌಸನ್ನು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ೧೯೬೪ರಲ್ಲಿ ಮಾಡಲಾಯಿತು. ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು ಅದನ್ನು ಯೋಚಿಸಿದರು, ಅವರ ಸಂಗಡಿಗ ಬಿಲ್ ಇಂಗ್ಲಿಷ್ ಅದನ್ನು ಕಟ್ಟಿಕೊಟ್ಟರು. ಅದು ಮರದ ಪೆಟ್ಟಿಗೆ. ಅಡಿಯಲ್ಲಿ ಎರಡು ಲೋಹದ ಚಕ್ರ, ಮೇಲೆ ಒಂದೇ ಗುಂಡಿ. ೧೯೬೮ರ ಡಿಸೆಂಬರ್ ೯ರಂದು ಅದನ್ನು ಸಭೆಯ ಮುಂದೆ ತೋರಿಸಿದರು. ಆಮೇಲೆ ಚಕ್ರ ಹೋಗಿ ಅಡಿಯಲ್ಲಿ ಉರುಳುವ ಗುಂಡು ಬಂತು. ಈಗ ಗುಂಡೂ ಹೋಗಿ ಬೆಳಕು ಬಂದಿದೆ.

ಈಗಿನ ಮೌಸಿನ ಅಡಿಯಲ್ಲಿ ಒಂದು ಸಣ್ಣ ದೀಪವೂ ಒಂದು ಸಣ್ಣ ಕಣ್ಣೂ ಇರುತ್ತವೆ. ದೀಪವು ಮೇಜಿನ ಮೇಲೆ ಬೆಳಕು ಚೆಲ್ಲುತ್ತದೆ. ಕಣ್ಣು ಪ್ರತಿ ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದು, ಒಂದಕ್ಕೊಂದು ಹೋಲಿಸಿ, ಮೌಸ್ ಎತ್ತ ಸರಿಯಿತೆಂದು ಲೆಕ್ಕ ಹಾಕುತ್ತದೆ. ಆದುದರಿಂದಲೇ ಗಾಜಿನ ಮೇಲೆ, ಕನ್ನಡಿಯಂತೆ ಹೊಳೆಯುವ ಕಲ್ಲಿನ ಮೇಲೆ ಅದು ಎಡವುತ್ತದೆ. ಹೋಲಿಸಲು ಅಲ್ಲಿ ಗುರುತುಗಳೇ ಇರುವುದಿಲ್ಲ. ಕೆಲವು ಮೌಸ್‌ಗಳ ಬೆಳಕು ಕೆಂಪಗೆ ಕಾಣುತ್ತದೆ. ಇನ್ನು ಕೆಲವುಗಳ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದೇ ಇಲ್ಲ. ಬೆಳಕು ಕಾಣದೆಂಬ ಮಾತ್ರಕ್ಕೆ ಮೌಸ್ ಕೆಟ್ಟಿದೆಯೆಂದು ತಿಳಿಯಬಾರದು.

ತಂತಿ ಬೇಕೋ, ಬೇಡವೋ?

ಕೊಳ್ಳುವ ಮೊದಲು ಇದನ್ನು ನಿರ್ಧರಿಸಿರಿ. ಲ್ಯಾಪ್‌ಟಾಪ್ ಸದಾ ಒಂದೇ ಮೇಜಿನ ಮೇಲೆ ಇರುವುದಾದರೆ ತಂತಿಯ ಮೌಸೇ ಸಾಕು. ಅದರ ಬೆಲೆ ಕಡಮೆ, ಸೆಲ್ ಹಾಕುವ ಖರ್ಚಿಲ್ಲ, ಕಳೆದುಹೋಗುವ ಬಿಡಿಭಾಗವಿಲ್ಲ. ಸುಮಾರು ೨೦೦ರಿಂದ ೩೫೦ ರೂಪಾಯಿಗೆ ಒಳ್ಳೆಯದೇ ಸಿಗುತ್ತದೆ.

ಆದರೆ ಮಗಳು ವಾರಕ್ಕೊಮ್ಮೆ ಮೈಸೂರಿನ ಹಾಸ್ಟೆಲಿಗೆ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಒಯ್ಯುವವಳಾದರೆ, ಅಥವಾ ಮನೆಯಲ್ಲಿ ಮೇಜಿಲ್ಲದೆ ಜಗಲಿಯ ಮೇಲೆ, ಚಾಪೆಯ ಮೇಲೆ ಕುಳಿತು ಕೆಲಸ ಮಾಡುವುದಾದರೆ ತಂತಿ ತೊಡಕು. ಚೀಲದಲ್ಲಿ ಮಡಚಿ ಮಡಚಿ ತಂತಿಯು ಬುಡದಲ್ಲಿ ತುಂಡಾಗುತ್ತದೆ. ಅಂಥವರಿಗೆ ತಂತಿಯಿಲ್ಲದ್ದೇ ಅನುಕೂಲ. ಹೆಸರಾದ ತಯಾರಕರ ಸಾಧಾರಣ ಮೌಸ್ ಸುಮಾರು ೪೦೦ರಿಂದ ೮೦೦ ರೂಪಾಯಿಯೊಳಗೆ ದೊರೆಯುತ್ತದೆ. ಇದಕ್ಕಿಂತ ಹೆಚ್ಚು ಕೊಡುವ ಅವಶ್ಯಕತೆ ನಮ್ಮ ಕೆಲಸಗಳಿಗೆ ಇಲ್ಲ.

ತಂತಿಯಿಲ್ಲದ ಮೌಸಿನಲ್ಲಿ ಎರಡು ಜಾತಿ

ಮೊದಲನೆಯದು ರಿಸೀವರ್ ಇರುವ ಮೌಸ್. ಇದರ ಜೊತೆ ಉಗುರಿನಷ್ಟು ದೊಡ್ಡ ತುಂಡೊಂದು ಬರುತ್ತದೆ. ಅದನ್ನು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಕೆಲಸ ಆರಂಭ. ಮೌಸಿಗೂ ಈ ತುಂಡಿಗೂ ನಡುವೆ ೨.೪ ಗಿಗಾಹರ್ಟ್ಸಿನ ರೇಡಿಯೋ ಅಲೆಗಳು ಓಡಾಡುತ್ತವೆ. ಹಿಂದೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಾಗಿದ್ದುದು ಹಿರಿಯರಿಗೆ ನೆನಪಿರಬಹುದು. ಈ ಅಲೆಗಳ ಕಿರು ಉಪಕರಣಗಳನ್ನು ಬಳಸಲು ನಮ್ಮ ದೇಶದಲ್ಲಿ ೨೦೦೫ರಿಂದ ಅಂಥ ಲೈಸೆನ್ಸ್ ಬೇಕಾಗಿಲ್ಲ.

ಎರಡನೆಯದು ಬ್ಲೂಟೂತ್ ಮೌಸ್. ಇದಕ್ಕೆ ತುಂಡು ಬೇಡ. ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಇದ್ದರೆ, ಫೋನಿಗೆ ಇಯರ್‌ಫೋನ್ ಜೋಡಿಸುವಂತೆ ಒಮ್ಮೆ ಜೋಡಿಸಿಕೊಂಡರಾಯಿತು. ಆದರೆ ಬ್ಲೂಟೂತ್ ಇಲ್ಲದ ಹಳೆಯ ಕಂಪ್ಯೂಟರಿಗೆ ಇದು ನಡೆಯದು. ಬೆಲೆಯೂ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು.

ಹೊಸದಾಗಿ ಕಲಿಯುವವರಿಗೆ ರಿಸೀವರ್ ಜಾತಿಯೇ ಸುಲಭ, ಅಗ್ಗ. ಅದರಲ್ಲಿ ಎರಡು ವಿಷಯ ಗಮನಿಸಿರಿ. ಒಂದು, ಲ್ಯಾಪ್‌ಟಾಪಿನಲ್ಲಿ ಅಗಲವಾದ ಹಳೆಯ ಬಗೆಯ ಯುಎಸ್‌ಬಿ ಕಿಂಡಿ ಇದೆಯೇ ನೋಡಿರಿ. ಕೆಲವು ತೆಳ್ಳನೆಯ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಫೋನಿನ ಚಾರ್ಜರಿನಂಥ ಸಣ್ಣ ಕಿಂಡಿ ಮಾತ್ರ ಇರುತ್ತದೆ. ಎರಡು, ತುಂಡನ್ನು ಇಡಲು ಮೌಸಿನ ಹೊಟ್ಟೆಯೊಳಗೆ ಅಥವಾ ಅಡಿಯಲ್ಲಿ ಗೂಡು ಇರಬೇಕು. ಆ ತುಂಡು ಕಳೆದರೆ ಅಗ್ಗದ ಮೌಸ್ ಬಹುಮಟ್ಟಿಗೆ ನಿರುಪಯೋಗಿ. ನೊಗ ಕಳೆದ ಮೇಲೆ ನೇಗಿಲಿಟ್ಟುಕೊಂಡು ಫಲವೇನು?

ಸೆಲ್ಲಿನ ವಿಚಾರ

ಮೌಸಿನ ನಿತ್ಯದ ಖರ್ಚು ಇರುವುದು ಸೆಲ್ಲಿನಲ್ಲಿ. ಗೋಡೆ ಗಡಿಯಾರಕ್ಕೆ ಹಾಕುವ ದಪ್ಪ ಸೆಲ್ಲನ್ನು ಎಎ ಎಂದೂ, ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ಲನ್ನು ಎಎಎ ಎಂದೂ ಕರೆಯುತ್ತಾರೆ. ದಪ್ಪ ಸೆಲ್ಲಿನಲ್ಲಿ ಸಣ್ಣದರ ಎರಡರಷ್ಟು ಶಕ್ತಿಯಾದರೂ ಇರುತ್ತದೆ. ಆದುದರಿಂದ ಒಂದೇ ದಪ್ಪ ಸೆಲ್ಲಿನಲ್ಲಿ ನಡೆಯುವ ಮೌಸನ್ನು ಆರಿಸುವುದು ಮೇಲು. ಒಳ್ಳೆಯ ಮೌಸಿನಲ್ಲಿ ಒಂದು ಆಲ್ಕಲೈನ್ ಸೆಲ್ ಹಲವು ತಿಂಗಳು, ಮಿತವಾಗಿ ಬಳಸಿದರೆ ವರ್ಷದವರೆಗೂ ಬರುತ್ತದೆ.

ಚಾರ್ಜ್ ಮಾಡುವ ಮೌಸ್‌ಗಳೂ ಇವೆ. ಸೆಲ್ ಕೊಳ್ಳುವುದು ತಪ್ಪುವುದೇನೋ ನಿಜ. ಆದರೆ ಒಳಗೆ ಕೂಡಿಸಿದ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಅದನ್ನು ಬದಲಾಯಿಸುವುದು ಸುಲಭವಲ್ಲ. ಸೆಲ್ಲಾದರೋ ಊರಿನ ಅಂಗಡಿಯಲ್ಲೇ ಸಿಗುತ್ತದೆ. ಹಳ್ಳಿಯಲ್ಲಿರುವವರು ಹಳ್ಳಿಯಲ್ಲೇ ಸಿಗುವ ವಸ್ತುವಿನಿಂದ ನಡೆಯುವ ಸಾಧನವನ್ನು ಇಟ್ಟುಕೊಳ್ಳುವುದು ಜಾಣತನ.

ಮೌಸಿನ ಅಡಿಯಲ್ಲಿ ಬಂದ್ ಮಾಡುವ ಸ್ವಿಚ್ ಇರುವುದು ಲೇಸು. ಅಗ್ಗದ ಸಾಧಾರಣ ಸೆಲ್‌ಗಳು ಬಹುದಿನ ಒಳಗೇ ಉಳಿದರೆ ರಸ ಸೋರಿ ಲೋಹದ ಪಟ್ಟಿಯನ್ನು ತಿನ್ನುತ್ತವೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ಹೊರಗೆ ತೆಗೆದಿಡತಕ್ಕದ್ದು.

ದೊಡ್ಡ ಅಂಕಿಗಳಿಗೆ ಮಾರುಹೋಗಬೇಡಿರಿ

ಪೆಟ್ಟಿಗೆಯ ಮೇಲೆ ಡಿಪಿಐ ೧೦೦೦, ೧೬೦೦, ೩೨೦೦ ಎಂದು ಬರೆದಿರುತ್ತದೆ. ಮೌಸ್ ಒಂದು ಅಂಗುಲ ಸರಿದಾಗ ಬಾಣವು ಎಷ್ಟು ಚುಕ್ಕೆ ದೂರ ಓಡಬಲ್ಲದು ಎಂಬುದರ ಅಳತೆ ಇದು. ಸಾಮಾನ್ಯ ಲ್ಯಾಪ್‌ಟಾಪಿನ ಪರದೆ ಅಡ್ಡಲಾಗಿ ೧೩೬೬ ಅಥವಾ ೧೯೨೦ ಚುಕ್ಕೆ ಅಗಲ. ಹಾಗಾದರೆ ೧೦೦೦ ಡಿಪಿಐ ಇರುವ ಮೌಸನ್ನು ಎರಡು ಅಂಗುಲದೊಳಗೆ ಸರಿಸಿದರೆ ಬಾಣವು ಪರದೆಯ ಈ ಅಂಚಿನಿಂದ ಆ ಅಂಚಿಗೆ ತಲಪುತ್ತದೆ. ಇದಕ್ಕಿಂತ ವೇಗ ಯಾತಕ್ಕೆ? ಹೆಚ್ಚಿನ ಅಂಕಿಯು ಕಂಪ್ಯೂಟರ್ ಆಟ ಆಡುವವರಿಗೆ. ಹೊಸಬರ ಕೈಗೆ ಅದು ಹಗ್ಗ ಕಿತ್ತ ಹೋರಿಯಂತೆ. ಬಣ್ಣಬಣ್ಣದ ದೀಪಗಳೂ ಅಷ್ಟೆ, ಅವು ಸೆಲ್ ತಿನ್ನುವುದಕ್ಕೇ ಹೊರತು ಬೇರಾವುದಕ್ಕೂ ಅಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ನೀವು ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಕೊಂಬಿನ ಬಣ್ಣ ನೋಡಿ ಹಣ ಎಣಿಸುವವರು ಯಾರೂ ಇಲ್ಲ. ಮೌಸಿಗೂ ಅದೇ ಕ್ರಮ. ಸಾಧ್ಯವಾದರೆ ಲ್ಯಾಪ್‌ಟಾಪನ್ನೂ ಅಂಗಡಿಗೆ ಒಯ್ಯಿರಿ.

೧. ಕೈಯಲ್ಲಿ ಹಿಡಿದು ನೋಡಿರಿ. ಅಂಗೈ ತುಂಬ ಕೂರಬೇಕು. ತೀರ ಚಪ್ಪಟೆಯಾದ, ಪುಟ್ಟದಾದ ಮೌಸ್ ದೊಡ್ಡ ಕೈಗೆ ಮಣಿಕಟ್ಟಿನ ನೋವು ತರುತ್ತದೆ. ಮನೆಯಲ್ಲಿ ಎಡಗೈ ಬಳಸುವವರಿದ್ದರೆ ಎರಡು ಪಕ್ಕವೂ ಒಂದೇ ಆಕಾರವಿರುವುದನ್ನು ಆರಿಸಿರಿ.

೨. ಎಡ ಬಲ ಗುಂಡಿಗಳನ್ನು ಇಪ್ಪತ್ತು ಸಲ ಒತ್ತಿರಿ. ಪ್ರತಿಸಲವೂ ಒಂದೇ ಬಗೆಯ ಟಿಕ್ ಸದ್ದು ಬರಬೇಕು. ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತೆ ಆಗುತ್ತಿದ್ದರೆ ಆ ಮೌಸ್ ಬೇಡ.

೩. ನಡುವಿನ ಚಕ್ರವನ್ನು ತಿರುಗಿಸಿರಿ. ಪುಟವು ಮೇಲೆ ಕೆಳಗೆ ಸರಾಗವಾಗಿ ಸರಿಯಬೇಕು, ಹಿಂದು ಮುಂದಾಗಿ ನೆಗೆಯಬಾರದು.

೪. ಅಂಗಡಿಯ ಗಾಜಿನ ಮೇಜಿನ ಮೇಲಲ್ಲ, ಒಂದು ಪುಸ್ತಕದ ರಟ್ಟಿನ ಮೇಲಿಟ್ಟು ನಡೆಸಿರಿ. ಬಾಣ ನಡುಗದೆ ಚಲಿಸಬೇಕು.

೫. ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷ, ದೂರು ಹೇಳುವ ಫೋನ್ ಸಂಖ್ಯೆ ಇವೆಯೇ ನೋಡಿರಿ. ಇವಿಲ್ಲದ ಮಾಲು ಎಷ್ಟು ಅಗ್ಗವಾದರೂ ಬೇಡ. ಲಾಜಿಟೆಕ್, ಎಚ್‌ಪಿ, ಡೆಲ್, ಲೆನೊವೊ, ಜೆಬ್ರಾನಿಕ್ಸ್ ಮುಂತಾದ ಹೆಸರುಗಳು ಪೇಟೆಯಲ್ಲಿವೆ. ಹೆಸರು ಕೇಳಿದರೆ ಸಾಲದು, ಅಕ್ಷರಗಳನ್ನು ಓದಿ ನೋಡಬೇಕು. ಒಂದಕ್ಷರ ತಿರುಚಿದ ನಕಲಿ ಹೆಸರುಗಳೂ ಇರುತ್ತವೆ.

೬. ವಾರಂಟಿ ಎಷ್ಟು ವರ್ಷ ಎಂದು ಕೇಳಿರಿ. ಒಂದು ವರ್ಷವಾದರೂ ಇರಬೇಕು, ಮೂರು ವರ್ಷವಿರುವುದೂ ಉಂಟು. ರಸೀದಿಯನ್ನು ಕೇಳಿ ಪಡೆಯಿರಿ. ರಸೀದಿಯಿಲ್ಲದೆ ವಾರಂಟಿಯ ಮಾತು ಗಾಳಿಯ ಮಾತು.

ಮಾರಿದವರು ಕೆಟ್ಟ ಮಾಲನ್ನು ಬದಲಾಯಿಸದಿದ್ದರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಡಬಹುದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ನಾಲ್ಕುನೂರು ರೂಪಾಯಿ ಕೊಟ್ಟವನಿಗೂ ಅನ್ವಯಿಸುತ್ತದೆ.

ಬೆಲೆಯ ನಿಜವಾದ ಲೆಕ್ಕ

ಕೊಳ್ಳುವ ದಿನದ ಬೆಲೆಯೊಂದೇ ಬೆಲೆಯಲ್ಲ. ಉದಾಹರಣೆಗೆ, ಮೂರು ವರ್ಷ ವಾರಂಟಿಯ ಒಂದು ಮೌಸಿಗೆ ೬೦೦ ರೂಪಾಯಿ ಕೊಟ್ಟಿರೆನ್ನೋಣ. ವರ್ಷಕ್ಕೊಂದು ಸೆಲ್ಲಿನಂತೆ ಮೂರು ಸೆಲ್ಲಿಗೆ ೯೦ ರೂಪಾಯಿ. ಒಟ್ಟು ೬೯೦ ರೂಪಾಯಿ. ಮೂವತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು ೧೯ ರೂಪಾಯಿ. ಇದಕ್ಕೆ ಪ್ರತಿಯಾಗಿ ವಿಳಾಸವಿಲ್ಲದ ೨೫೦ ರೂಪಾಯಿಯ ಮೌಸು ಆರೇ ತಿಂಗಳಿಗೆ ಕೆಟ್ಟರೆ, ಮೂರು ವರ್ಷಕ್ಕೆ ಆರು ಬೇಕು. ಆಗ ೧೫೦೦ ರೂಪಾಯಿ ಆಯಿತು. ಅದು ಕೆಡುವುದು ಅರ್ಜಿ ಸಲ್ಲಿಸುವ ಕೊನೆಯ ದಿನವೇ ಆದರೆ ನಷ್ಟ ರೂಪಾಯಿಯ ಲೆಕ್ಕಕ್ಕೆ ಸಿಗದು. ಬಿತ್ತನೆ ಬೀಜವನ್ನು ಅಗ್ಗಕ್ಕೆ ಕೊಳ್ಳುವವನ ಗತಿ ಏನಾಗುವುದೆಂದು ನಿಮಗೆ ಹೇಳಬೇಕಾಗಿಲ್ಲ.

ಹಾಗೆಂದು ಸಾಲ ಮಾಡಿ ಬೆಲೆಬಾಳುವುದನ್ನು ತರುವುದೂ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಿರಿ. ಇನ್ನೂ ಲ್ಯಾಪ್‌ಟಾಪಿನ ಕಂತೇ ತೀರಿಲ್ಲವಾದರೆ ಸದ್ಯಕ್ಕೆ ತಂತಿಯ ಮೌಸ್ ಸಾಕು.

ಕೈಗೆ ಒಗ್ಗಿಸಿಕೊಳ್ಳುವುದು

ತೋರುಬೆರಳು ಎಡ ಗುಂಡಿಯ ಮೇಲೆ, ನಡುಬೆರಳು ಬಲ ಗುಂಡಿಯ ಮೇಲೆ ಇರಲಿ. ಹೆಬ್ಬೆರಳೂ ಕಿರುಬೆರಳೂ ಪಕ್ಕಗಳನ್ನು ಹಿಡಿಯಲಿ. ಬಿಗಿ ಹಿಡಿತ ಬೇಡ, ಅದು ಗುದ್ದಲಿಯ ಕಾವಲ್ಲ. ಆರಿಸಲು ಎಡ ಗುಂಡಿಯನ್ನು ಒಮ್ಮೆ, ತೆರೆಯಲು ಬೇಗಬೇಗನೆ ಎರಡು ಸಲ ಒತ್ತಬೇಕು. ಲ್ಯಾಪ್‌ಟಾಪಿನ ಸೆಟ್ಟಿಂಗ್ಸಿನಲ್ಲಿ ಬಾಣದ ವೇಗವನ್ನು ತಗ್ಗಿಸಬಹುದು, ಬಾಣವನ್ನು ದೊಡ್ಡದು ಮಾಡಬಹುದು, ಎಡಗೈಯವರಿಗಾಗಿ ಗುಂಡಿಗಳನ್ನು ಅದಲುಬದಲು ಮಾಡಬಹುದು. ಕಣ್ಣು ಮಂಜಾದ ಹಿರಿಯರಿಗೆ ಇದನ್ನು ಮಕ್ಕಳು ಮಾಡಿಕೊಡಲಿ.

ಅಭ್ಯಾಸಕ್ಕೆ ಒಂದು ಉಪಾಯ. ೧೯೯೦ರಲ್ಲಿ ಬಂದ ವಿಂಡೋಸಿನ ಜೊತೆಗೆ ಸಾಲಿಟೇರ್ ಎಂಬ ಇಸ್ಪೀಟಿನ ಆಟವನ್ನು ಕೊಟ್ಟಿದ್ದರು. ಎಲೆಗಳನ್ನು ಎಳೆದು ಇಡುವುದರಲ್ಲಿ ಜನರ ಕೈ ಮೌಸಿಗೆ ತಾನಾಗಿ ಪಳಗಿತು. ಒಬ್ಬರೇ ಆಡುವ ಆಟ, ಪಣವಿಲ್ಲ, ಜಗಳವಿಲ್ಲ. ದಿನಕ್ಕೆ ಹದಿನೈದು ನಿಮಿಷದಂತೆ ಒಂದು ವಾರ ಆಡಿದರೆ ಕೈ ಹದಕ್ಕೆ ಬರುತ್ತದೆ. ಆಮೇಲೆ ಸ್ವಂತ ಪಹಣಿಯನ್ನು ತೆರೆದು ನೋಡಿರಿ.

ಕಾಪಾಡುವ ಬಗೆ

ಮೌಸಿನ ಅಡಿಗೆ ಹಳೆಯ ನೋಟುಪುಸ್ತಕವನ್ನೋ ಮಡಚಿದ ಹತ್ತಿಬಟ್ಟೆಯನ್ನೋ ಹಾಕಿದರೆ ಸಾಕು. ಅಡಿಯ ಕಣ್ಣಿಗೆ ದೂಳು ಕವಿದರೆ ಬಾಣ ತಡವರಿಸುತ್ತದೆ. ಒಣಬಟ್ಟೆಯ ತುದಿಯಿಂದ ಮೆಲ್ಲಗೆ ಒರಸಿರಿ, ನೀರು ಹಾಕಬೇಡಿರಿ. ರಿಸೀವರಿನ ಪಕ್ಕದ ಕಿಂಡಿಗೇ ಹಾರ್ಡ್‌ಡಿಸ್ಕು, ಪೆನ್‌ಡ್ರೈವು ಸಿಕ್ಕಿಸಿದಾಗ ಕೆಲವೊಮ್ಮೆ ಅಲೆಗಳಿಗೆ ಅಡಚಣೆಯಾಗಿ ಬಾಣ ಮುಗ್ಗರಿಸುತ್ತದೆ. ಆಗ ರಿಸೀವರನ್ನು ಇನ್ನೊಂದು ಪಕ್ಕದ ಕಿಂಡಿಗೆ ಬದಲಾಯಿಸಿರಿ.

ತೀರಿದ ಸೆಲ್ಲನ್ನು ಒಲೆಗಾಗಲಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬೆಂಕಿಗಾಗಲಿ ಎಂದಿಗೂ ಹಾಕಬಾರದು. ಅದು ಸಿಡಿದು ಕಣ್ಣಿಗೆ ಅಪಾಯ ತಂದೀತು. ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಹೊಲ ಸೇರುತ್ತದೆ. ಡಬ್ಬಿಯೊಂದರಲ್ಲಿ ಕೂಡಿಟ್ಟು, ಪಟ್ಟಣಕ್ಕೆ ಹೋದಾಗ ವಿದ್ಯುನ್ಮಾನ ತ್ಯಾಜ್ಯ ಪಡೆಯುವಲ್ಲಿ ಕೊಟ್ಟುಬಿಡಿರಿ.

ಮನನಕ್ಕೆ ಕೆಲವು ಪ್ರಶ್ನೆಗಳು

೧. ದಡ್ಡುಗಟ್ಟಿದ ಬೆರಳಿಗೆ ಟಚ್‌ಪ್ಯಾಡ್ ಏಕೆ ಸರಿಹೋಗುವುದಿಲ್ಲ?
೨. ನಿಮ್ಮ ಮನೆಯ ಲ್ಯಾಪ್‌ಟಾಪ್ ಒಂದೇ ಕಡೆ ಇರುವುದೋ, ಓಡಾಡುವುದೋ? ಅದಕ್ಕೆ ಯಾವ ಮೌಸ್ ತಕ್ಕುದು?
೩. ಗೋಡೆ ಗಡಿಯಾರದ ಸೆಲ್ಲು ರಿಮೋಟಿನ ಸೆಲ್ಲಿಗಿಂತ ಏಕೆ ಮೇಲು?
೪. ಪೆಟ್ಟಿಗೆಯ ಮೇಲೆ ಯಾವ ಯಾವ ವಿವರಗಳು ಇರಲೇಬೇಕು?
೫. ೪೫೦ ರೂಪಾಯಿಯ ಮೌಸ್ ಎರಡು ವರ್ಷ ಬಾಳಿದರೆ, ಎರಡು ಸೆಲ್ಲಿನ ೬೦ ರೂಪಾಯಿ ಸೇರಿ ತಿಂಗಳಿಗೆ ಎಷ್ಟು ಖರ್ಚು ಬಿದ್ದಂತಾಯಿತು?

ಈ ಪಾಠವನ್ನು ಸಂಜೆ ಮನೆಯವರೆಲ್ಲರೂ ಕೂಡಿ ಓದಿರಿ. ಮನೆಯ ಹೆಂಗಸರಿಗೂ ಮೌಸ್ ಹಿಡಿಯಲು ಕಲಿಸಿರಿ. ಸ್ತ್ರೀಶಕ್ತಿ ಸಂಘದ ಲೆಕ್ಕವೂ ಹಾಲಿನ ಲೆಕ್ಕವೂ ಅವರ ಕೈಯಲ್ಲೇ ಇರುವಾಗ ಈ ವಿದ್ಯೆ ಅವರಿಗೂ ಸಲ್ಲತಕ್ಕದ್ದು. ನೆರೆಮನೆಯವರು ಕೊಳ್ಳಲು ಹೊರಟರೆ ಈ ಹಾಳೆಯನ್ನು ಅವರಿಗೂ ಓದಲು ಕೊಡಿರಿ.